ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರ್ ಮಾಲೀಕರಿಗೊಂದು ಕೃತಜ್ಞತಾ ಪತ್ರ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸಮಸ್ತ ಟ್ರ್ಯಾಕ್ಟರ್ ಮಾಲೀಕರಿಗೆ, ಅವರ ಚಾಲಕರಿಗೆ, ಹಾಗೂ ಮಡ್‌ಗಾರ್ಡ್ ಮೇಲೆ ಕೂತು ದಾರಿ ಹೇಳುವ ಅಳಿಯ-ಭಾವಂದಿರಿಗೆ ಒಬ್ಬ ಬಸ್ ಪ್ರಯಾಣಿಕನ ನಮಸ್ಕಾರಗಳು.

ಮಾನ್ಯರೇ,

ಗೋವಿನಜೋಳದ ರಾಶಿ ಮುಗಿಯಿತು. ಹತ್ತಿ ಬಿಡಿಸಿದ್ದೂ ಆಯಿತು. ಇನ್ನು ನಿಮ್ಮ ಟ್ರೇಲರಿಗೆ ಜಳಕ. ಬಿದಿರಿನ ಗಳ ಬಗ್ಗಿಸಿ ಕಮಾನು ಕಟ್ಟುತ್ತೀರಿ, ಮೇಲೆ ತಾಡಪತ್ರಿ ಎಳೆಯುತ್ತೀರಿ, ಒಳಗೆ ದಪ್ಪಗೆ ಹುಲ್ಲು ಹರವಿ ಜಮಖಾನೆ ಹಾಸುತ್ತೀರಿ. ರೊಟ್ಟಿಗಂಟು, ಒಲೆ, ಕಟ್ಟಿಗೆ, ನೀರಿನ ಡ್ರಮ್ಮು, ಮುದುಕರು, ಮಕ್ಕಳು ಎಲ್ಲವನ್ನೂ ಏರಿಸಿಕೊಂಡು ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಸವದತ್ತಿ ಯಲ್ಲಮ್ಮನ ಗುಡ್ಡದ ಹಾದಿ ಹಿಡಿಯುತ್ತೀರಿ. ಹಾನಗಲ್ಲ ಕಡೆಯ ಕೆಲವರು ಮುಂಡಗೋಡ, ಯಲ್ಲಾಪುರ ದಾಟಿ ಉಳವಿ ಚನ್ನಬಸವಣ್ಣನಲ್ಲಿಗೆ. ಹೊರಡುವ ಗಡಿಬಿಡಿಯಲ್ಲಿ ನಿಮಗೆ ಪತ್ರ ಓದಲು ಪುರಸೊತ್ತಿರುವುದಿಲ್ಲ, ಗೊತ್ತು. ಆದರೂ ಹೇಳಬೇಕಾದ ಋಣವೊಂದಿದೆ.

ರಾಜ್ಯ ಸರ್ಕಾರ 2025ರ ಏಪ್ರಿಲ್ 1ರಂದು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಲೀಟರಿನ ದರ ತೊಂಬತ್ತು ದಾಟಿತು. ಅದರಲ್ಲಿ ಹದಿನೈದು ರೂಪಾಯಿಗೂ ಹೆಚ್ಚು ರಾಜ್ಯದ ಖಜಾನೆಗೆ. ಅದೇ ಖಜಾನೆಯ ದುಡ್ಡಿನಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ನಡೆಯುತ್ತಿದೆ. ನಮ್ಮ ಮನೆಯಾಕೆ ವಾಯವ್ಯ ಸಾರಿಗೆಯ ಕೆಂಪು ಬಸ್ಸು ಹತ್ತಿ ಬಿಡಿಗಾಸು ಕೊಡದೆ ಗುಡ್ಡಕ್ಕೆ ಹೋಗಿ ಬರುತ್ತಾಳೆ. ಪಕ್ಕದಲ್ಲಿ ಕೂತ ನಾನು ಮಾತ್ರ ಟಿಕೆಟ್ ತೆಗೆಯುತ್ತೇನೆ. ಆಕೆಯ ಸೊನ್ನೆ ರೂಪಾಯಿಯ ಟಿಕೆಟ್ಟಿಗೆ ಹಣ ಕಟ್ಟಿದವರು ಯಾರು ಅಂತ ಬಹಳ ದಿನ ಯೋಚಿಸಿದೆ. ಕಿಟಕಿಯಾಚೆ ಕರಿ ಹೊಗೆ ಉಗುಳುತ್ತ ಏರು ಹತ್ತುತ್ತಿದ್ದ ನಿಮ್ಮನ್ನು ನೋಡಿದಾಗ ಉತ್ತರ ಸಿಕ್ಕಿತು. ಟೈರಿಗೆ ಹವಾ ಹಾಕಿಸದೆ, ಬೇರಿಂಗಿಗೆ ಗ್ರೀಸ್ ತೋರಿಸದೆ, ಎರಡು ಲೀಟರಿನ ದಾರಿಗೆ ಮೂರು ಲೀಟರ್ ಸುಡುವ ನೀವೇ ಆ ಮಹಾದಾನಿಗಳು. ದಯವಿಟ್ಟು ಯಾರ ಉಪದೇಶಕ್ಕೂ ಕಿವಿಗೊಟ್ಟು ಸುಧಾರಿಸಬೇಡಿ.

ಉಪದೇಶಿಗಳಿಗೇನು ಕಡಿಮೆಯಿಲ್ಲ. ಊರಿನ ಐಟಿಐ ಕಲಿತ ಹುಡುಗನೊಬ್ಬ ಅಮೆರಿಕದ ವಿಡಿಯೊ ನೋಡಿಕೊಂಡು ಬಂದು ನಿಮಗೆ ಗಾಳಿಯ ಪಾಠ ಹೇಳಬಹುದು. ಅಲ್ಲಿಯವರೂ ನಿಮ್ಮ ಹಾಗೆಯೇ ಮನೆಯನ್ನು ಗಾಡಿಯ ಹಿಂದೆ ಕಟ್ಟಿಕೊಂಡು ತಿರುಗುತ್ತಾರೆ. ಒಳಗೆ ಮಂಚ, ಒಲೆ, ಪಾಯಖಾನೆ ಎಲ್ಲ ಉಂಟು. ಏರ್‌ಸ್ಟ್ರೀಮ್ ಎಂಬ ಕಂಪನಿ 1936ರಲ್ಲಿ ಕ್ಲಿಪ್ಪರ್ ಎಂಬ ಅಲ್ಯೂಮಿನಿಯಂ ಟ್ರೇಲರ್ ಮಾಡಿತು. ಗಾಳಿ ಜಾರಿ ಹೋಗಲೆಂದು ಅದರ ಮೈ ಗುಂಡಗೆ, ಮೇಲ್ಛಾವಣಿ ಕಮಾನು. ಚಿತ್ರ ನೋಡಿದರೆ ನಮ್ಮ ಅಜ್ಜಂದಿರ ಕೊಲ್ಲಾರಿ ಬಂಡಿಗೇ ತಗಡು ಹೊಡೆಸಿದ ಹಾಗಿದೆ. ಪೇಟೆಂಟು ಕೇಳಲು ಆಗ ನಮ್ಮ ಅಬಲೂರಿನಿಂದಲೋ ಬಾಡದಿಂದಲೋ ಯಾರೂ ಹೋಗಲಿಲ್ಲ, ಇರಲಿ.

ಅವರು ಗಂಟೆಗೆ ನೂರು ಕಿಲೋಮೀಟರ್ ಓಡಿಸುತ್ತಾರೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 30ರಿಂದ 90ಕ್ಕೆ ಹೋದರೆ ತಡೆ ಮೂರು ಪಟ್ಟಾಗುವುದಿಲ್ಲ, ಒಂಬತ್ತು ಪಟ್ಟಾಗುತ್ತದೆ. ಹಾಗಾಗಿ ಅವರ ಇಂಧನದ ದೊಡ್ಡ ಪಾಲು ಗಾಳಿಯನ್ನು ಸೀಳುವುದರಲ್ಲೇ ಹೋಗುತ್ತದೆ. ಮೆಲ್ಲಗೆ ಓಡಿಸಿ ಎಂಬುದೇ ಅವರಲ್ಲಿ ಮೊದಲ ಬುದ್ಧಿಮಾತು. ನೀವಾದರೋ ಹುಟ್ಟಾ ಮಿತವ್ಯಯಿಗಳು. ನಿಮ್ಮ ವೇಗ ಇಪ್ಪತ್ತೈದು, ಇಳಿಜಾರಿನಲ್ಲಿ ಮೂವತ್ತು. ನನ್ನ ಲೆಕ್ಕದಲ್ಲಿ ಈ ವೇಗಕ್ಕೆ ನೂರು ರೂಪಾಯಿ ಡೀಸೆಲ್ಲಿನಲ್ಲಿ ಗಾಳಿಗೆ ಸಲ್ಲುವುದು ಹತ್ತರ ಆಸುಪಾಸು. ತಾಡಪತ್ರಿಯನ್ನು ಬಿಗಿದು ಕಟ್ಟಿದರೂ ಅಷ್ಟೇ, ಪಟಪಟ ಹಾರಾಡಿದರೂ ಹೆಚ್ಚುಕಡಿಮೆ ಅಷ್ಟೇ. ಬಾನೆಟ್ಟಿನ ಮೇಲೆ ತಗಡು ಬಗ್ಗಿಸಿ ಕೂಡಿಸಬೇಕೆನ್ನುವ ಹುಡುಗನಿಗೆ ಚಹಾ ಕುಡಿಸಿ ಕಳಿಸಿಬಿಡಿ.

ಉಳಿದ ತೊಂಬತ್ತು ರೂಪಾಯಿ ನೆಲಕ್ಕೂ ಇಂಜಿನ್ನಿಗೂ ಹೋಗುತ್ತದೆ. ನನ್ನ ಕೃತಜ್ಞತೆಯ ಮೂಲವಿರುವುದೂ ಅಲ್ಲೇ.

ಟೈರು ತಿರುಗುವಾಗ ಕೆಳಭಾಗ ಚಪ್ಪಟೆಯಾಗಿ, ಮೇಲೆ ಬಂದಾಗ ಮತ್ತೆ ಉಬ್ಬುತ್ತದೆ. ಈ ಮಡಚಾಟದಲ್ಲಿ ರಬ್ಬರು ಬಿಸಿಯಾಗುತ್ತದೆ. ಆ ಬಿಸಿ ನಿಮ್ಮ ಟ್ಯಾಂಕಿನ ಡೀಸೆಲ್ಲೇ. ಹವಾ ಕಡಿಮೆಯಿದ್ದಷ್ಟೂ ಮಡಚಾಟ ಹೆಚ್ಚು. ಸವಣೂರಿನ ಎರೆಹೊಲದಲ್ಲಿ ಟೈರು ಮೆತ್ತಗಿದ್ದರೆ ನೆಲ ಹಿಡಿಯುತ್ತದೆ, ಮಣ್ಣು ಗಟ್ಟಿಯಾಗುವುದಿಲ್ಲ. ಹಿಂದಿನ ದೊಡ್ಡ ಚಕ್ರಕ್ಕೆ ಹೊಲದಲ್ಲಿ 12 ಪಿಎಸ್‌ಐ ಆಸುಪಾಸು, ರಸ್ತೆ ಸಾಗಣೆಗೆ ಅದಕ್ಕಿಂತ ಮೂರ್ನಾಲ್ಕು ಹೆಚ್ಚು ಅಂತ ಕಂಪನಿಯ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಆ ಪುಸ್ತಕ ಟ್ರ್ಯಾಕ್ಟರ್ ಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು ದೇವರ ಜಗಲಿ ಸೇರಿದೆ, ಅದನ್ನು ಇಳಿಸುವುದು ಅಪಚಾರ. ಟ್ರೇಲರಿನ ಟೈರುಗಳ ಕಥೆ ಬೇರೆ. ಲಾರಿಯಲ್ಲಿ ಸವೆದು, ರಿಮೋಲ್ಡ್ ಆಗಿ, ಮತ್ತೆ ಸವೆದು ನಿಮ್ಮಲ್ಲಿಗೆ ಬಂದ ಹಿರಿಯರವರು. ಅವರಿಗೆ ಹವಾ ಹಾಕಿಸಿದರೆ ಒಡೆದಾರು ಎಂಬ ಭಯಕ್ಕೆ ಅರ್ಧ ಹೊಟ್ಟೆಯಲ್ಲೇ ಓಡಿಸುತ್ತೀರಿ.

ಹಾನಗಲ್ಲದ ಭತ್ತದ ಗದ್ದೆಯವರು ಹಿಂದಿನ ಟೈರಿಗೆ ನೀರು ತುಂಬಿಸಿರುತ್ತಾರೆ. ಕೆಸರಿನಲ್ಲಿ ಚಕ್ರ ಜಾರದಿರಲಿಕ್ಕೆ ಅದು ಬೇಕು. ಎರಡೂ ಚಕ್ರದ ನೀರು ಸೇರಿ 300 ಕಿಲೋ ಆದೀತು. ಗುಡ್ಡಕ್ಕೆ ಹೊರಟಾಗಲೂ ಅದು ಹೊರಡುತ್ತದೆ. ಇದರ ಬಗ್ಗೆ ಗದರುವವರಿದ್ದಾರೆ, ನಾನು ಗದರುವುದಿಲ್ಲ. ಡಾಂಬರು ರಸ್ತೆಯಲ್ಲಿ ಹೆಚ್ಚಿನ ಒಂದು ಟನ್ ಎಳೆಯಲು ನೂರು ಕಿಲೋಮೀಟರಿಗೆ ಸುಮಾರು 2 ಲೀಟರ್ ಅಂತ ಲೆಕ್ಕ ಹಾಕಿದರೆ, ಆ ನೀರು ಹೋಗಿ ಬರಲು ಒಂದೂವರೆ ಲೀಟರ್ ಕುಡಿದೀತು. ಅದನ್ನು ಬಸಿಯಲು ನೀವು ಪಡುವ ಪಾಡಿಗೆ ಹೋಲಿಸಿದರೆ ಏನೂ ಅಲ್ಲ. ದೊಡ್ಡ ದಾನ ನಡೆಯುವುದು ಬೇರೆ ಕಡೆ.

ಅದು ನಡೆಯುವುದು ನಿಮ್ಮ ಬಲಗಾಲಿನ ಕೆಳಗೆ. ಟಾಪ್ ಗೇರಿನಲ್ಲಿ ಇಂಜಿನ್ನು ನಿಮಿಷಕ್ಕೆ 1500 ಸುತ್ತು ತಿರುಗಿದಾಗ ಸಿಗುವ ವೇಗವನ್ನೇ ಒಂದು ಗೇರು ಕೆಳಗಿಟ್ಟು 2100 ಸುತ್ತಿನಲ್ಲೂ ಪಡೆಯಬಹುದು. ಎರಡರಲ್ಲೂ ಗುಡ್ಡ ಒಂದೇ ಹೊತ್ತಿಗೆ ಬರುತ್ತದೆ. ಆದರೆ ಎರಡನೆಯದರಲ್ಲಿ ಇಂಜಿನ್ನು ತನ್ನ ಪಿಸ್ಟನ್ನು, ಪಂಪುಗಳನ್ನು ತಾನೇ ಒದ್ದಾಡಿಸಿಕೊಳ್ಳಲು ಡೀಸೆಲ್ ಸುಡುತ್ತದೆ. ತಪ್ಪು ಗೇರಿನಲ್ಲಿ ಓಡಿಸಿದರೆ ಖರ್ಚು ಶೇ 30ರವರೆಗೂ ಏರಬಹುದೆಂದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಹೇಳುತ್ತ ಬಂದಿದೆ. 1978ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಸಂಸ್ಥೆಯದು. ಉಳಿಸಿ ಉಳಿಸಿ ಅನ್ನುವುದೇ ಅದರ ಕೆಲಸ. ಅದರ ಮಾತು ನಮ್ಮ ನಾಲ್ಕು ತಾಲ್ಲೂಕಿಗೆ ಇನ್ನೂ ಬಂದು ಮುಟ್ಟಿಲ್ಲ ಎನ್ನುವುದೇ ನಮ್ಮ ಮನೆಯಾಕೆಯ ಭಾಗ್ಯ. ಕೆಳ ಗೇರಿನ ಗುಡುಗು ಕೇಳದಿದ್ದರೆ ಮುಂದಿನ ಊರಿನವರಿಗೆ ನೀವು ಬಂದದ್ದು ಹೇಗೆ ತಿಳಿಯಬೇಕು? ಏರಿನಲ್ಲಿ, ತುಂಬಿದ ಗಾಡಿಗೆ ಕೆಳಗಿನ ಗೇರೇ ಸರಿ, ಒಪ್ಪುತ್ತೇನೆ. ಧಾರವಾಡದಾಚೆಯ ಬಯಲಿನಲ್ಲೂ ಅದನ್ನೇ ಹಿಡಿದು ಕೂರುವ ನಿಮ್ಮ ನಿಷ್ಠೆಗೆ ಮಾತ್ರ ತಲೆಬಾಗುತ್ತೇನೆ.

ಇನ್ನು ಆ ಕರಿ ಹೊಗೆ. ಇಂಜಿನ್ನಿಗೆ ತಾಕತ್ತು ಹೆಚ್ಚಿರುವ ಗುರುತು ಅದು ಅಂತ ನೀವು ನಂಬಿದ್ದೀರಿ, ನಂಬಿಕೆಯನ್ನು ಅಲ್ಲಾಡಿಸಬಾರದು. ಆದರೂ ಅದು ಹುಟ್ಟುವ ಬಗೆಯನ್ನು ಬರೆದಿಡುತ್ತೇನೆ, ಯಾಕೆಂದರೆ ಅದು ನಮ್ಮ ಜಿಲ್ಲೆಯದೇ ವಿಶೇಷ ಪ್ರಸಾದ. ದಸರೆಯಿಂದ ಸಂಕ್ರಾಂತಿಯವರೆಗೆ ಹಿರೇಕೆರೂರು, ಹಾನಗಲ್ಲ ಕಡೆ ಗೋವಿನಜೋಳದ ಒಕ್ಕಣೆ. ಒಕ್ಕುವ ಯಂತ್ರವನ್ನು ತಿರುಗಿಸುವುದು ನಿಮ್ಮ ಟ್ರ್ಯಾಕ್ಟರೇ. ಯಂತ್ರ ಉಗುಳಿದ ರವದಿ, ಸಿಪ್ಪೆ, ಕೆಂಪು ಧೂಳಿನ ಮೋಡದ ನಡುವೆ ನಿಂತು ಅದು ವಾರಗಟ್ಟಲೆ ಉಸಿರಾಡುತ್ತದೆ. ಹಳೆಯ ಮಾದರಿಗಳಲ್ಲಿ ಏರ್ ಫಿಲ್ಟರಿನ ತಳಕ್ಕೆ ಎಣ್ಣೆಯ ಬಟ್ಟಲಿರುತ್ತದೆ. ಗಾಳಿ ಆ ಎಣ್ಣೆಗೆ ಬಡಿದು ಧೂಳು ಬಿಟ್ಟು ಮೇಲೇರಬೇಕು. ಒಕ್ಕಣೆ ಮುಗಿಯುವ ಹೊತ್ತಿಗೆ ಆ ಬಟ್ಟಲಲ್ಲಿರುವುದು ಎಣ್ಣೆಯಲ್ಲ, ರಾಡಿ. ಮೇಲಿನ ಜಾಲರಿಯೂ ಕಟ್ಟಿರುತ್ತದೆ. ಗಾಳಿ ಸಾಲದ ಇಂಜಿನ್ನಿಗೆ ಪಂಪು ಮಾತ್ರ ಎಂದಿನಷ್ಟೇ ಡೀಸೆಲ್ ಸುರಿಯುತ್ತದೆ. ಉರಿಯಲಾಗದೆ ಉಳಿದದ್ದು ಕಪ್ಪಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಏರಿನಲ್ಲಿ ಎಳೆಯುವುದಿಲ್ಲವೆಂದು ನೀವು ಇನ್ನಷ್ಟು ಎಕ್ಸಲೇಟರ್ ಒತ್ತುತ್ತೀರಿ, ಹೊಗೆ ಇನ್ನಷ್ಟು ದಟ್ಟವಾಗುತ್ತದೆ. ಒಕ್ಕಣೆಯ ಕಾಲ ಮುಗಿದ ಕೂಡಲೇ ಜಾತ್ರೆಯ ಕಾಲ ಬರುವಂತೆ ಪಂಚಾಂಗ ಬರೆದವರು ಯಾರೋ, ಖಜಾನೆಯ ಹಿತೈಷಿಗಳೇ ಇರಬೇಕು. ಬಟ್ಟಲು ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಗುರುತಿನ ಮಟ್ಟಕ್ಕೆ ಹೊಸ ಎಣ್ಣೆ ಹಾಕಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ನೀವು ಬಾನೆಟ್ಟಿಗೆ ಪ್ಲಾಸ್ಟಿಕ್ ಹೂವಿನ ಹಾರ ಕಟ್ಟಲು ಮೀಸಲಿಟ್ಟಿದ್ದೀರಿ.

ನಿಮ್ಮ ಅಜ್ಜಂದಿರ ವಿಷಯ ಎತ್ತಿದರೆ ಸಿಟ್ಟಾಗಬೇಡಿ. ಅವರು ಚಕ್ಕಡಿ ಹೂಡಿ ಇದೇ ಗುಡ್ಡಕ್ಕೆ, ಇದೇ ಉಳವಿಗೆ ಹೋದವರು. ಉಳವಿಗೆ ಈಗಲೂ ಚಕ್ಕಡಿಗಳ ಸಾಲು ಹೋಗುತ್ತದೆ. ಅವರ ಇಂಧನ ಹುಲ್ಲು, ಹಿಂಡಿ, ಹುರುಳಿ. ಅದು ತೀರಿದರೆ ನಡುದಾರಿಯಲ್ಲಿ ಬಂಕ್ ಇರಲಿಲ್ಲ. ಹಾಗಾಗಿ ಮೊದಲ ಮೈಲಿಯಿಂದಲೇ ಎತ್ತಿನ ದಮ್ಮು ಉಳಿಸುವ ಲೆಕ್ಕ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲೆಸಿ ಕೀಲೆಣ್ಣೆ ಮಾಡಿ, ಗೊಟ್ಟದಲ್ಲಿ ತುಂಬಿ ಬಂಡಿಗೇ ನೇತು ಹಾಕುತ್ತಿದ್ದರು. ಅಚ್ಚು ಕಿರ್ ಅಂದರೆ ಗಾಡಿ ನಿಲ್ಲಿಸಿ ಗಾಲಿ ಸರಿಸಿ ಹಚ್ಚಲೇಬೇಕು. ನಿಮ್ಮ ಟ್ರೇಲರಿನ ಗಾಲಿಗೂ ಬೇರಿಂಗುಗಳಿವೆ, ಅವಕ್ಕೂ ಗ್ರೀಸು ಬೇಕು. ಅದು ಕಿರ್ ಅನ್ನುವುದೂ ಉಂಟು. ಆದರೆ ಈಗ ಮುಂದೆ ಕೂತವನ ಕಿವಿಗೆ ಆ ಸದ್ದು ಬೀಳದಂತೆ ಎರಡು ಆಳೆತ್ತರದ ವೂಫರ್‌ಗಳನ್ನು ಕಟ್ಟಿದ್ದೀರಿ.

ಹೇರು ಹೇರುವುದರಲ್ಲೂ ಅವರು ಜಿಪುಣರು. ಭಾರ ಹಿಂದಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದಾದರೆ ನೊಗ ಹೆಗಲು ಕೊರೆಯುತ್ತದೆ. ಅಚ್ಚಿನ ಮೇಲೆ ಭಾರ ಕೂರಿಸಿ, ಮುಂದಕ್ಕೆ ಚೂರು ಒಲಿಸಿ, ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಎರಡು ಗಾಲಿಯ ಟ್ರೇಲರಿಗೂ ಇದೇ ನ್ಯಾಯ. ಹಿಂಭಾರವಾದರೆ ಹುಕ್ಕು ಟ್ರ್ಯಾಕ್ಟರಿನ ಹಿಂಭಾಗವನ್ನೇ ಎತ್ತುತ್ತದೆ, ದೊಡ್ಡ ಚಕ್ರ ಹಿಡಿತ ತಪ್ಪಿ ಏರಿನಲ್ಲಿ ಜಾರುತ್ತ ಸುಮ್ಮನೆ ಡೀಸೆಲ್ ತಿನ್ನುತ್ತದೆ. ವಿಪರೀತ ಮುಂಭಾರವಾದರೆ ಮುಂದಿನ ಸಣ್ಣ ಚಕ್ರಗಳು ಹಗುರಾಗಿ ಸ್ಟೇರಿಂಗು ಮಾತು ಕೇಳುವುದಿಲ್ಲ. ನೀವು ಮಾತ್ರ ನೀರಿನ ಡ್ರಮ್ಮು, ಕಟ್ಟಿಗೆ, ಜನರೇಟರು ಎಲ್ಲವನ್ನೂ ತುಂಬಲು ಸುಲಭವೆಂದು ಹಿಂಬಾಗಿಲ ಹತ್ತಿರವೇ ಇಡುತ್ತೀರಿ. ಅಜ್ಜಿಯರನ್ನು ಸರಿಯಾಗಿ ಅಚ್ಚಿನ ಮೇಲೆ ಕೂರಿಸುತ್ತೀರಿ, ಅಲ್ಲಿ ಕುಲುಕಾಟ ಹೆಚ್ಚು.

ಜನರೇಟರ್ ಅಂದೆ. ಡೀಜೆಗಾಗಿ ಅದು ಗಂಟೆಗೆ ಲೀಟರಿಗೂ ಹೆಚ್ಚು ಕುಡಿಯುತ್ತದೆ. ಮುಂದೆ ಟ್ರ್ಯಾಕ್ಟರೂ ಬಂದ್ ಆಗುವುದಿಲ್ಲ. ಚಹಾದಂಗಡಿಯಲ್ಲಿ, ಟ್ರಾಫಿಕ್ಕಿನಲ್ಲಿ, ಹುಡುಗರ ಕುಣಿತ ಮುಗಿಯುವವರೆಗೆ ನಿಂತಲ್ಲೇ ಗುಟುರು ಹಾಕುತ್ತಿರುತ್ತದೆ. ಅದಕ್ಕೂ ಗಂಟೆಗೆ ಒಂದು ಲೀಟರಿಗೆ ಮೇಲೆ. ಪೈಪಿನ ಜಾಯಿಂಟಿನಿಂದ ತೊಟ್ಟಿಕ್ಕುವುದನ್ನು ಹೇಳಲೇಬೇಕೆ? ಸೆಕೆಂಡಿಗೊಂದು ಹನಿಯಾದರೆ ವರ್ಷಕ್ಕೆ 2000 ಲೀಟರ್ ಅಂತ ಅದೇ ಸಂರಕ್ಷಣೆಯವರು ಬರೆದಿಟ್ಟಿದ್ದಾರೆ. ನೀವು ಅದರ ಕೆಳಗೆ ಚಿಂದಿ ಬಟ್ಟೆ ಕಟ್ಟಿ ಧೈರ್ಯವಾಗಿದ್ದೀರಿ.

ನೀವು ಇಂಧನ ಉಳಿಸುವುದೇ ಇಲ್ಲವೆಂದು ನಾನು ಹೇಳಿದರೆ ಸುಳ್ಳಾದೀತು. ಶಿಗ್ಗಾಂವಿ, ಬಂಕಾಪುರದ ಹತ್ತಿರ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಮುಂದೆ ಹೋಗಿ ತಿರುಗಿ ಬರಲು ಎರಡು ಕಿಲೋಮೀಟರ್ ಸುತ್ತಾಗುತ್ತದೆಂದು ನೀವು ಎದುರು ದಿಕ್ಕಿನಿಂದಲೇ ನುಗ್ಗುತ್ತೀರಿ. ತುಂಬಿದ ಗಾಡಿ ಲೀಟರಿಗೆ ಐದು ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ ಉಳಿತಾಯ ಮೂವತ್ತಾರು ರೂಪಾಯಿ. ಮುಂಬೈಯಿಂದ ಬೆಂಗಳೂರಿಗೆ ಓಡುವ ಲಾರಿಗಳ ಎದುರು, ಒಂದು ರಿಫ್ಲೆಕ್ಟರೂ ಇಲ್ಲದೆ, ಮೂವತ್ತಾರು ರೂಪಾಯಿಗೆ ಇಡೀ ಮನೆತನವನ್ನು ಪಣಕ್ಕಿಡುವ ಮಿತವ್ಯಯ ಜಗತ್ತಿನಲ್ಲಿ ಬೇರೆಲ್ಲೂ ಇರಲಾರದು. ಇನ್ನೊಂದು ಉಳಿತಾಯ ಇಳಿಜಾರಿನ ನ್ಯೂಟ್ರಲ್. ಅದರಿಂದ ಡೀಸೆಲ್ ಉಳಿಯುತ್ತದೆಂದು ನಿಮಗೆ ಯಾರು ಹೇಳಿದರೋ. ಗೇರಿನಲ್ಲಿಟ್ಟು ಎಕ್ಸಲೇಟರ್ ಬಿಟ್ಟು ಇಳಿದರೆ ಗಾಡಿಯೇ ಇಂಜಿನ್ನನ್ನು ತಿರುಗಿಸುತ್ತದೆ, ಗವರ್ನರ್ ಡೀಸೆಲ್ ಕಡಿದುಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಇಂಜಿನ್ನು ತಾನು ಉಸಿರು ಹಿಡಿದಿರಲು ಸುಡುತ್ತಲೇ ಇರಬೇಕು. ಅಂದರೆ ಪ್ರಾಣಕ್ಕೆ ಅಪಾಯ ತಂದುಕೊಂಡು ನೀವು ಹೆಚ್ಚಿನ ತೆರಿಗೆಯನ್ನೂ ಕಟ್ಟುತ್ತಿದ್ದೀರಿ.

ಹಿರೇಕೆರೂರಿನವರಿಗೆ ಪ್ರತ್ಯೇಕ ಮಾತು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಇದೇ ಯಲ್ಲಮ್ಮ ರೇಣುಕಾಂಬೆಯೆಂಬ ಹೆಸರಿನಲ್ಲಿ ನಿಮಗೆ ಸವದತ್ತಿಯ ಅರ್ಧದಷ್ಟೂ ದೂರವಿಲ್ಲದೆ ಕೂತಿದ್ದಾಳೆ. ಅರ್ಧ ದಾರಿಗೆ ಅರ್ಧ ಡೀಸೆಲ್. ಇದಕ್ಕಿಂತ ದೊಡ್ಡ ಉಳಿತಾಯ ಯಾವ ಮೆಕ್ಯಾನಿಕ್ಕೂ ಮಾಡಿಕೊಡಲಾರ. ನಿಮ್ಮ ತಾಲ್ಲೂಕಿನ ಸರ್ವಜ್ಞನಾಗಿದ್ದರೆ ಮೂರು ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದ. ಆದರೆ ಹರಕೆ ಸವದತ್ತಿಯದಾದರೆ ಸವದತ್ತಿಗೇ ಹೋಗಬೇಕಲ್ಲ, ದೇವರ ಲೆಕ್ಕದಲ್ಲಿ ಮೈಲೇಜು ಬರುವುದಿಲ್ಲ.

ಇಷ್ಟೆಲ್ಲ ಬರೆದು, ಲಕೋಟೆಗೆ ಗೋಂದು ಹಚ್ಚುವ ಹೊತ್ತಿಗೆ ಮನೆಯಲ್ಲಿ ಒಂದು ತೀರ್ಮಾನವಾಗಿದೆ. ಈ ಸಲ ನಮ್ಮ ಮನೆಯಾಕೆ ಬಸ್ಸಿಗೆ ಬರುವುದಿಲ್ಲವಂತೆ. ತಂಗಿಯ ಮನೆಯವರ ಟ್ರ್ಯಾಕ್ಟರಿನಲ್ಲಿ ಹೋಗುತ್ತಾಳಂತೆ. ಬಸ್ಸು ಗುಡ್ಡದಲ್ಲಿ ಇಳಿಸಿ ಹೊರಟುಬಿಡುತ್ತದೆ, ಮೂರು ದಿನ ನೆರಳಾಗಿ ನಿಲ್ಲುವುದಿಲ್ಲ. ಪಡ್ಡಲಗಿ ತುಂಬಿಸುವ ಬುಟ್ಟಿ, ಹೋಳಿಗೆಯ ಹೂರಣ, ಒರಳು, ಹಾಸಿಗೆ ಎಲ್ಲ ಹೊತ್ತು ತರುವವರಾರು ಅಂತ ಕೇಳಿದಳು. ಟ್ರೇಲರಿನಲ್ಲಿ ಮಂದಿ ಒಯ್ಯಲು ಕಾಯ್ದೆ ಒಪ್ಪುವುದಿಲ್ಲ, ವಿಮೆಯೂ ಬರುವುದಿಲ್ಲ ಎಂದು ನಾನು ಹೇಳಿ ನೋಡಿದೆ. ನಾಲ್ಕು ತಾಲ್ಲೂಕು ಹೋಗುತ್ತದೆ ಅಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಮಾನ್ಯರೇ, ಮೇಲಿನ ಕೃತಜ್ಞತೆಯನ್ನೆಲ್ಲ ಈ ಒಂದು ಯಾತ್ರೆಯ ಮಟ್ಟಿಗೆ ಹಿಂದಕ್ಕೆ ಪಡೆಯುತ್ತಿದ್ದೇನೆ. ಟೈರಿಗೆ ಹವಾ ಹಾಕಿಸಿ. ಬೇರಿಂಗ್ ಬಿಚ್ಚಿಸಿ ಗ್ರೀಸ್ ತುಂಬಿಸಿ. ಏರ್ ಫಿಲ್ಟರಿನ ರಾಡಿ ಚೆಲ್ಲಿ. ಡ್ರಮ್ಮುಗಳನ್ನು ಅಚ್ಚಿನ ಮೇಲಕ್ಕೆ ತಂದು, ಅಜ್ಜಿಯರನ್ನು ಮುಂದಕ್ಕೆ ಸರಿಸಿ. ಬಯಲಿನಲ್ಲಿ ಮೇಲಿನ ಗೇರು, ಏರಿನಲ್ಲಿ ಇಳಿವಿನಲ್ಲಿ ಕೆಳಗಿನ ಗೇರು. ಖಜಾನೆಗೆ ಆಗುವ ನಷ್ಟವನ್ನು ನನ್ನ ಟಿಕೆಟ್ಟಿನಲ್ಲಿ ತುಂಬಿಕೊಡುತ್ತೇನೆ. ನಾನು ಹಿಂದಿನಿಂದ ಬಸ್ಸಿನಲ್ಲೇ ಬರುತ್ತೇನೆ, ಟ್ರೇಲರಿನಲ್ಲಿ ಜಾಗವಿಲ್ಲವಂತೆ.

ಇಂತಿ ನಿಮ್ಮ ತೆರಿಗೆಯ ಫಲಾನುಭವಿಯ ಗಂಡ

ತಾ.ಕ.: ಹೊಲದಲ್ಲಿ ತಿರುವಿಗಾಗಿ ಬಿಡಿಸಿಟ್ಟ ಎರಡು ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬರುವ ಮೊದಲು ಚಿಲಕ ಹಾಕಿ ಜೋಡಿಸಿ. ಹುಕ್ಕಿನ ಪಿನ್ನಿಗೆ ತಂತಿ ಸುತ್ತಿದ್ದರೆ ಅದನ್ನು ಬಿಚ್ಚಿ ಸರಿಯಾದ ಕ್ಲಿಪ್ಪು ಹಾಕಿಸಿ. ಇದಕ್ಕೂ ಮೈಲೇಜಿಗೂ ಏನೂ ಸಂಬಂಧವಿಲ್ಲ.